ಕೌದಿಗೆ ಮೈಲಿಗೆ ಎಲ್ಲಿಯದು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ಬಗ್ಗೆ ತಿಳಿದವರು ಮಾತನಾಡಿ ಹೋಗಿದ್ದಾರೆ. ನನಗೆ ಪೂಜ್ಯರು ಒಪ್ಪಿಸಿದ ವಿಷಯ ಬೇರೆ. ಮನೆಯಲ್ಲಿ ಹಳತಾಗಿ ಮೂಲೆ ಸೇರಿದ ಸಾಮಾನುಗಳಿಂದ ಅಲಂಕಾರ ಮಾಡುವುದು ಹೇಗೆ, ಬರುವ ಬಸವ ಜಯಂತಿಗೆ ಅದನ್ನು ಮಠದಲ್ಲಿ ಬಳಸಬಹುದೇ ಎಂಬುದು. ಮೂವತ್ತು ವರ್ಷ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಕೈಕೆಲಸ ಕಲಿಸಿದವಳು ನಾನು. ಶಾಸ್ತ್ರ ನನಗೆ ಅಷ್ಟಕ್ಕಷ್ಟೇ. ಸೂಜಿ ದಾರದ ಮಾತು ಬಂದರೆ ಮಾತ್ರ ಸ್ವಲ್ಪ ಧೈರ್ಯ.

ಮೊದಲು ನಾವು ಈಗ ಮಾಡುತ್ತಿರುವ ಅಲಂಕಾರವನ್ನು ನೋಡೋಣ. ಜಯಂತಿ ಬಂತೆಂದರೆ ಊರ ಬಾಗಿಲಿನಿಂದ ಮಠದವರೆಗೆ ಫ್ಲೆಕ್ಸ್. ಅದರಲ್ಲಿ ಬಸವಣ್ಣನವರ ಭಾವಚಿತ್ರ ಮೇಲೆ ಮೂಲೆಯಲ್ಲಿ ಸಣ್ಣದು. ಶುಭ ಕೋರುವವರ ಮುಖಗಳು ಕುಂಬಳಕಾಯಿಯಷ್ಟು. ಒಳಗೆ ಥರ್ಮೋಕೋಲಿನ ಮಂಟಪ, ಪ್ಲಾಸ್ಟಿಕ್ ಹೂ, ಬಣ್ಣದ ಪ್ಲಾಸ್ಟಿಕ್ ಪರಪರಿ. ಮೂರು ದಿನ ಕಳೆದ ಮೇಲೆ ಇವೆಲ್ಲ ಎಲ್ಲಿ ಹೋಗುತ್ತವೆ? ಹೋದ ವರ್ಷದ ಒಂದು ಫ್ಲೆಕ್ಸನ್ನು ನಾನು ಮಳೆಗಾಲದಲ್ಲಿ ಒಬ್ಬ ರೈತರ ಮೇವಿನ ಬಣವೆಯ ಮೇಲೆ ಕಂಡೆ. ಅಪ್ಪ ಬಸವಣ್ಣನವರ ಮುಖದ ಮೇಲೆ ಕಲ್ಲು ಹೇರಿತ್ತು. ಆ ರೈತರದು ತಪ್ಪೆಂದು ನಾನು ಹೇಳಲಾರೆ. ಬಿದ್ದದ್ದನ್ನು ಬಳಸುವ ಜಾಣತನ ಅವರಿಗಿದೆ. ಪೂಜ್ಯವಾದ ಮುಖವನ್ನು ಮೂರು ದಿನದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿಸಿದವರು ನಾವು.

ಕಾನೂನಿನ ಮಾತೂ ಇದೆ. ನಮ್ಮ ರಾಜ್ಯ ಸರಕಾರ 2016ರ ಮಾರ್ಚ್ ತಿಂಗಳಲ್ಲೇ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿದೆ. ಕೇಂದ್ರ ಸರಕಾರ 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲನ್ನು ನಿಷೇಧಿಸಿತು. ಫ್ಲೆಕ್ಸಿನಲ್ಲಿ ಪಿ.ವಿ.ಸಿ. ಇರುತ್ತದೆ, ಹಿತ್ತಲಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಾಗಿ ಏಳುತ್ತದೆ, ಅದು ಮೊದಲು ಸೇರುವುದು ಪಕ್ಕದ ಮನೆಯ ಕೂಸಿನ ಎದೆಗೆ. ಸಕಲ ಜೀವಿಗಳಲ್ಲಿ ದಯೆ ಇರಲೆಂದು ಭಾಷಣ ಮಾಡಿ, ಇಳಿದು ಬಂದು ವೇದಿಕೆಯ ಹಿಂದಿನ ಬ್ಯಾನರಿಗೆ ಕಡ್ಡಿ ಗೀರಿದರೆ ಹೇಗೆ?

ಇದರ ಬದಲಿಗೆ ಏನು ಎಂದು ಕೇಳಿದರೆ ನನ್ನ ಉತ್ತರ ಕೌದಿ.

ಉತ್ತರ ಕರ್ನಾಟಕದ ಮನೆಯಲ್ಲಿ ಹುಟ್ಟಿದ ಯಾರಿಗೂ ಕೌದಿ ಏನೆಂದು ಹೇಳಬೇಕಿಲ್ಲ. ನಾವೆಲ್ಲ ಅದರ ಮೇಲೆಯೇ ಬೆಳೆದವರು. ಅಜ್ಜಿಯ ಸೀರೆ, ಅಪ್ಪನ ಧೋತರ, ಅವ್ವನ ಕುಬಸ, ಅಣ್ಣನ ಅಂಗಿ, ಎಲ್ಲವೂ ಅದರಲ್ಲಿ ತುಂಡುಗಳಾಗಿ ಕೂತಿರುತ್ತವೆ. ನೆರೆಯ ಮಹಾರಾಷ್ಟ್ರದಲ್ಲಿ ಇದನ್ನು ಗೋಧಡಿ ಎನ್ನುತ್ತಾರೆ, ಬಂಗಾಳದಲ್ಲಿ ಕಾಂಥಾ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನಾಂಗದ ತಾಯಂದಿರು ಕವಂದಿ ಎನ್ನುತ್ತಾರೆ. ಅವರು ಮೂಲೆಯಿಂದ ಹಿಡಿದು ಅಂಚಿನಗುಂಟ ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಅರಿವೆ ಮಡಚಿ ಮಾಡಿದ ‘ಫುಲ’ ಎಂಬ ಹೂ ಕೂರಿಸಿದ ಮೇಲೆಯೇ ಕವಂದಿ ಮುಗಿದ ಲೆಕ್ಕ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಸೂಜಿ ನಡೆಯುವ ದಾರಿ ಮೂವರಿಗೂ ಒಂದೇ.

ಹೋದ ತಿಂಗಳು ಜಯಂತಿಯ ಪೂರ್ವಭಾವಿ ಸಭೆಯಲ್ಲಿ ನಾನು ಒಂದು ಸೂಚನೆ ಇಟ್ಟೆ. ವೇದಿಕೆಯ ಹಿಂದೆ ಫ್ಲೆಕ್ಸ್ ಬೇಡ. ಊರಿನ ಪ್ರತಿ ಮನೆಯಿಂದ ಒಂದೊಂದು ಹಳೆಯ ಅರಿವೆ ತಂದು ಒಂದು ದೊಡ್ಡ ಕೌದಿ ಹೊಲಿದು ಅದನ್ನೇ ಹಿನ್ನೆಲೆಗೆ ಕಟ್ಟೋಣ, ಮಂಟಪಕ್ಕೂ ಹಳೆಯ ಸೀರೆಯ ದಡಿಗಳಿಂದಲೇ ತೋರಣ ಮಾಡೋಣ ಎಂದೆ. ಸಭೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಹಿರಿಯರೊಬ್ಬರು, “ಟೀಚರ್ರ, ಉಟ್ಟು ಬಿಟ್ಟ ಸೀರಿ ತಂದು ಬಸವಣ್ಣನವರ ಮಂಟಪಕ್ಕ ಹೆಂಗ ಕಟ್ತೀರಿ? ಮೈಲಿಗಿ ಆಗೂದಿಲ್ಲೇನು?” ಎಂದರು. ಅವರ ಮಾತು ಮುಗಿಯುವ ಮೊದಲೇ ತಾಯಿಯೊಬ್ಬರು, “ಯಾರ್ಯಾರ ಸೀರಿ ಬರ್ತಾವೋ ಏನೋ. ಸತ್ತವ್ರದೂ ಇರ್ತಾವ, ರಂಡಿಮುಂಡ್ಯಾರದೂ ಇರ್ತಾವ” ಎಂದರು.

ಆ ಎರಡನೆಯ ಮಾತು ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಆ ತಾಯಿಯ ಮನಸ್ಸು ಕೆಟ್ಟದ್ದೆಂದು ಹೇಳುತ್ತಿಲ್ಲ. ಅವರ ಬಾಯಲ್ಲಿ ಬಂದದ್ದು ನಮ್ಮೆಲ್ಲರ ಮನೆಯಲ್ಲೂ ಒಳಗೊಳಗೇ ಇರುವ ಮಾತು. ಅದಕ್ಕೇ ಇಂದು ಎಲ್ಲರೆದುರು ಉತ್ತರ ಹೇಳುತ್ತಿದ್ದೇನೆ.

ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಜನನ ಸೂತಕ, ಮರಣ ಸೂತಕ, ರಜಸ್ಸಿನ ಸೂತಕ, ಎಂಜಲಿನ ಸೂತಕ, ಜಾತಿ ಸೂತಕ. ಇಷ್ಟಲಿಂಗ ಧರಿಸಿದ ಅಂಗಕ್ಕೆ ಇವು ಯಾವುವೂ ಇಲ್ಲವೆಂದರು. ಇದನ್ನು ನಮ್ಮ ಮಕ್ಕಳು ಸ್ಪರ್ಧೆಯಲ್ಲಿ ಪಟಪಟನೆ ಒಪ್ಪಿಸಿ ಬಹುಮಾನ ತೆಗೆದುಕೊಳ್ಳುತ್ತಾರೆ. ಈಗ ಒಂದು ಕೌದಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಬಾಣಂತಿಯ ಕೆಳಗೆ ಹಾಸುವುದು ಕೌದಿ. ಜನನ ಸೂತಕ ಬಂತು. ತೀರಿಹೋದ ಅಜ್ಜಿಯ ಸೀರೆ ಅದರ ಹೊಟ್ಟೆಯೊಳಗಿದೆ, ಮರಣ ಸೂತಕ. ಹೆಣ್ಣುಮಕ್ಕಳು ಉಟ್ಟ ಬಟ್ಟೆ, ರಜಸ್ಸು. ಒಬ್ಬರು ಬಳಸಿ ಬಿಟ್ಟದ್ದು, ಎಂಜಲು. ಐದನೆಯದಕ್ಕೆ ಈಗ ಬರುತ್ತೇನೆ. ಐದೂ ಸೂತಕಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಹಸುಗೂಸನ್ನು ಬೆಚ್ಚಗೆ ಮಲಗಿಸಿದ ವಸ್ತು ಅದು. ನಮಗೆ ಮೈಲಿಗೆಯಾಗದೆ ನಾವು ಇಷ್ಟು ದೊಡ್ಡವರಾಗಿದ್ದೇವೆ. ಮನೆಯ ಕೂಸಿಗೆ ಆಗದ ಮೈಲಿಗೆ ಮಂಟಪಕ್ಕೆ ಎಲ್ಲಿಂದ ಬಂತು? ಗಂಡ ತೀರಿಕೊಂಡ ಹೆಣ್ಣುಮಗಳ ಸೀರೆ ಬೇಡ ಎನ್ನುವವರು, ಅದೇ ಹೆಣ್ಣುಮಗಳು ದಾಸೋಹಕ್ಕೆ ಬಡಿದು ಕೊಟ್ಟ ರೊಟ್ಟಿ ಬೇಡ ಎನ್ನುವುದಿಲ್ಲವಲ್ಲ!

ಇನ್ನು ಐದನೆಯದು, ಜಾತಿ. ನಾನು ಸಣ್ಣವಳಿದ್ದಾಗ ನಮ್ಮ ಊರಿಗೆ ಸುಗ್ಗಿಯ ನಂತರ ಕೌದಿ ಹೊಲಿಯುವ ಹೆಣ್ಣುಮಕ್ಕಳು ಬರುತ್ತಿದ್ದರು. ಕಟ್ಟೆಯ ಮೇಲೆ ಅರಿವೆ ಹರವಿ, ನಾಲ್ವರು ನಾಲ್ಕು ಕಡೆ ಕುಳಿತು, ಹಾಡು ಹೇಳುತ್ತ ಹೊಲಿಯುವರು. ಕೂಲಿಗೆ ಜೋಳ, ಒಂದಿಷ್ಟು ಹಳೆ ಬಟ್ಟೆ. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಅವರ ಬೆರಳಿನ ಬೆವರು ಹತ್ತಿದ ಕೌದಿ ಸಂಜೆಗೆ ನಮ್ಮ ಪಡಸಾಲೆ ದಾಟಿ ಒಳಗಿನ ಕೋಣೆ ಸೇರುತ್ತಿತ್ತು. ಹೊಲಿದವರು ಮಾತ್ರ ಕಟ್ಟೆಯ ಮೇಲೆಯೇ. ಲಿಂಗವಂತರ ಮನೆಯ ಕಟ್ಟೆ ಅದು! ಮನೆಯ ಹೊರಗೆ ಕುಳ್ಳಿರಿಸಿದವರ ಕೈಕೆಲಸವನ್ನು ಬಸವಣ್ಣನವರ ಹಿಂದೆ ಕಟ್ಟುವುದಕ್ಕೆ ಹಿಂದೆಮುಂದೆ ನೋಡಿದರೆ, ನಾವು ಜಯಂತಿ ಮಾಡುತ್ತಿರುವುದು ಯಾರದು?

ಹೇಳಬೇಕಾದ ಖಾರ ಇಷ್ಟೇ. ಇನ್ನು ಕೆಲಸದ ಮಾತು.

ಕೌದಿಗೆ ಅರಿವೆ ಆರಿಸುವುದೇ ಅರ್ಧ ಕೆಲಸ. ಹತ್ತಿಯದಿರಬೇಕು. ನೈಲಾನ್, ಪಾಲಿಯೆಸ್ಟರ್ ಸೀರೆ ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ದೀಪ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಬಣ್ಣಕ್ಕಾಗಿ ಬೇಕೇ ಬೇಕೆಂದರೆ ಗೋಡೆಗೆ ಕಟ್ಟುವ ಕೌದಿಯ ಮೇಲ್ಪದರಲ್ಲಿ ಒಂದೆರಡು ತುಂಡು ಇರಲಿ, ಅದೂ ದೀಪದಿಂದ ದೂರ. ಕೂಸಿನ ಕೌದಿಗೆ ಬೇಡವೇ ಬೇಡ. ಅರಿವೆಯನ್ನು ಬಿಸಿನೀರಲ್ಲಿ ನೆನೆಸಿ ಒಗೆದು, ಕಡು ಬಿಸಿಲಿಗೆ ಒಣಗಿಸಿ. ಗುಂಡಿ, ಹುಕ್ಕು ಬಿಚ್ಚಿ ಒಂದು ಡಬ್ಬಿಗೆ ಹಾಕಿಡಿ, ಅವು ಬೇರೆ ಕೆಲಸಕ್ಕೆ ಬರುತ್ತವೆ. ಬೆಳಕಿಗೆ ಹಿಡಿದು ನೋಡಿದಾಗ ಜಾಳಾದ ಭಾಗವನ್ನು ಒಳಪದರಕ್ಕೆ ಹಾಕಿ, ಗಟ್ಟಿ ಭಾಗವನ್ನು ಮೇಲಕ್ಕೆ.

ತಳಕ್ಕೆ ಒಂದು ಇಡೀ ಸೀರೆ ನೆಲದ ಮೇಲೆ ಸುಕ್ಕಿಲ್ಲದೆ ಹಾಸಬೇಕು. ಅದರ ಮೇಲೆ ಧೋತರ, ಹಾಸಿಗೆ ವಸ್ತ್ರದ ತುಂಡುಗಳು ಎರಡು ಮೂರು ಪದರ. ಮೇಲೆ ಬಣ್ಣದ ತುಂಡುಗಳ ಜೋಡಣೆ. ಪದರು ಸರಿಯದಂತೆ ಅಗಲಗಲ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ದಪ್ಪ ಹತ್ತಿ ದಾರದಿಂದ ಅಂಚಿನಿಂದ ಶುರು ಮಾಡಿ ಒಂದು ಬೆರಳಿನ ಅಂತರದಲ್ಲಿ ಸಾಲು ಸಾಲಾಗಿ ಒಳಗೆ ಬರಬೇಕು. ದಾರ ಬಿಗಿಯಾಗಿ ಎಳೆದರೆ ಕೌದಿ ಮುದುಡುತ್ತದೆ. ಸಡಿಲ ಬಿಟ್ಟರೆ ಮಕ್ಕಳ ಕಾಲಿನ ಬೆರಳು ಸಿಕ್ಕಿ ಹರಿಯುತ್ತದೆ. ಇದು ಬಾಯಲ್ಲಿ ಹೇಳಿ ಬರುವ ಹದವಲ್ಲ, ಪಕ್ಕದಲ್ಲಿ ಕುಳಿತೇ ಬರಬೇಕು.

ನಡುವೆ ಖಣದ ತುಂಡು ಕೂರಿಸಿದರೆ ಅಂದ. ಗುಳೇದಗುಡ್ಡದ ಖಣ ಹರಿದ ಕುಬಸದಲ್ಲೂ ಹೊಳಪು ಬಿಡುವುದಿಲ್ಲ. ಇಳಕಲ್ಲ ಸೀರೆಯ ಮಾತೂ ಹಾಗೆಯೇ. ಅದರ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹರಿದು ಹೋದರೂ ಸೆರಗು, ದಡಿ ಗಟ್ಟಿ ಉಳಿದಿರುತ್ತವೆ. ಆ ದಡಿಯನ್ನು ಕತ್ತರಿಸಿ, ಖಣದ ತ್ರಿಕೋನಗಳನ್ನು ಅದಕ್ಕೆ ಸಾಲಾಗಿ ಹೊಲಿದರೆ ಬಾಗಿಲ ತೋರಣ ಸಿದ್ಧ. ಒಗೆದು ಮಡಚಿಟ್ಟರೆ ಹತ್ತು ಜಯಂತಿಗೆ ಬರುತ್ತದೆ.

ಮಕ್ಕಳೇ, ನಿಮಗೂ ಕೆಲಸವಿದೆ. ಥರ್ಮೋಕೋಲ್ ಬರುವ ಮೊದಲು ನಮ್ಮ ಹೊಲದಲ್ಲಿ ಅದಕ್ಕಿಂತ ಚೆಂದದ ಸಾಮಾನು ಇತ್ತು, ಈಗಲೂ ಇದೆ. ಜೋಳದ ದಂಟು. ಸಿಪ್ಪೆ ಸುಲಿದು ಸೀಳಿ, ಒಳಗಿನ ಬೆಂಡನ್ನು ತುಂಡು ಮಾಡಿ, ಒಂದಕ್ಕೊಂದು ಚುಚ್ಚಿ ಚಕ್ಕಡಿ, ಎತ್ತು, ಮನೆ ಎಲ್ಲ ಮಾಡುತ್ತಿದ್ದೆವು. ಅಂಟೂ ಬೇಡ, ಮೊಳೆಯೂ ಬೇಡ. ಈ ಸಲದ ಮಂಟಪವನ್ನು ದಂಟಿನಲ್ಲೇ ಕಟ್ಟಿ. ಹಬ್ಬ ಮುಗಿದ ಮೇಲೆ ದನ ತಿನ್ನುತ್ತದೆ. ಇಂಥ ಮಂಟಪ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಪರಪರಿಗೆ ಆಗುತ್ತದೆ. ಅವುಗಳ ಮೇಲಿರುವ ಶರಣರ ಚಿತ್ರಗಳನ್ನು ಗಟಾರಕ್ಕೆ ಬಿಡದೆ ಕತ್ತರಿಸಿ ರಟ್ಟಿಗೆ ಅಂಟಿಸಿ, ಕೆಳಗೆ ಆ ಶರಣರ ಕಾಯಕವನ್ನು ನಿಮ್ಮ ಕೈಬರಹದಲ್ಲಿ ಬರೆಯಿರಿ. ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಮರಳು ತುಂಬಿ ಅದರ ಮೇಲೆ ಮಣ್ಣಿನ ಹಣತೆ ಇಟ್ಟರೆ ಗಾಳಿಗೆ ಅಲುಗುವುದಿಲ್ಲ.

ಒಂದು ಎಚ್ಚರಿಕೆ. ಈಗ ಮೊಬೈಲಿನಲ್ಲಿ ‘ಕಸದಿಂದ ರಸ’ ಎಂದು ತೋರಿಸುತ್ತಾರೆ. ಒಂದು ಹಳೆಯ ಬಾಟಲಿಯನ್ನು ಚೆಂದ ಮಾಡಲು ಇನ್ನೂರು ರೂಪಾಯಿಯ ಅಂಟು, ಮಿಂಚಿನ ಪುಡಿ, ಸ್ಪ್ರೇ ಬಣ್ಣ ಕೊಳ್ಳುವುದು. ಕೊನೆಗೆ ಬಾಟಲಿ ಗುಜರಿಗೂ ಹೋಗದಂತೆ ಕೆಡುತ್ತದೆ. ಅದು ಕಸದಿಂದ ಕಸ. ಇನ್ನು ಕೆಲವರು ಒಂದು ದಿನ ಬಂದೀತೆಂದು ಅಟ್ಟದ ತುಂಬ ಡಬ್ಬಿ ತುಂಬಿಡುತ್ತಾರೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯುವುದೇ ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಆಯ್ದು ತಂದಾಗ ಲಕ್ಕಮ್ಮ ಒಲೆ ಹಚ್ಚಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಹಾಕಿ ಬನ್ನಿ ಎಂದು ಕಳಿಸಿದಳು. ಬಿದ್ದದ್ದನ್ನು ಆಯುವುದಕ್ಕೂ ಅಳತೆ ಇದೆಯೆಂದು ಆ ತಾಯಿಗೆ ತಿಳಿದಿತ್ತು.

ಕಡೆಯದಾಗಿ ಹಣದ ಮಾತು. ಮಠದಲ್ಲಿ ಹಣದ ಮಾತೇ ಎಂದು ಹುಬ್ಬೇರಿಸಬೇಡಿ. ಒಂದು ದೊಡ್ಡ ಕೌದಿಗೆ ಒಬ್ಬರೇ ಕುಳಿತರೆ ನನ್ನ ಲೆಕ್ಕದಲ್ಲಿ ಹದಿನೈದು ದಿನ ಬೇಕು. ಪಟ್ಟಣದ ಅಂಗಡಿಗಳಲ್ಲಿ ಅದಕ್ಕೆ ಸಾವಿರಾರು ರೂಪಾಯಿ ಬೆಲೆ ಹಚ್ಚಿದ್ದಾರೆ. ನಮ್ಮ ಊರಲ್ಲಿ ಈಗಲೂ ಚೆನ್ನಾಗಿ ಹೊಲಿಯಬಲ್ಲ ಆರೇಳು ತಾಯಂದಿರಿದ್ದಾರೆ, ಎಲ್ಲರೂ ಕೂಲಿಯ ಮೇಲೆ ಬದುಕುವವರು. ಅವರನ್ನು ಕರೆದು, ಮಠದ ಸೇವೆಯೆಂದು ಹೇಳಿ, ಒಂದು ಕಾಯಿ, ಒಂದು ಕುಬಸದ ಖಣ ಕೊಟ್ಟು ಕಳಿಸಿದರೆ ಅದು ಬಿಟ್ಟಿ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಲ್ಲಿ ದಾಸೋಹ ಮಾಡಿದರು. ಹಗ್ಗಕ್ಕೆ ಬೆಲೆ ಇತ್ತು. ಕೊಡುವುದು ಬಿಡುವುದು ಆಮೇಲೆ ಅವರ ಇಚ್ಛೆ. ಫ್ಲೆಕ್ಸಿಗೆಂದು ತೆಗೆದಿಟ್ಟ ಹಣವನ್ನು ಈ ತಾಯಂದಿರ ದಿನಗೂಲಿಗೆ ಕೊಡಬೇಕೆಂದು ನಾನು ಸಮಿತಿಗೆ ಬರೆದುಕೊಟ್ಟಿದ್ದೇನೆ. ಪೂಜ್ಯರು ಒಪ್ಪಿದ್ದಾರೆ. ಸಮಿತಿಯ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ, ಅವರ ಉತ್ತರವನ್ನು ಇಂದೇ ಕೇಳಿಕೊಂಡು ಹೋಗುವವಳಿದ್ದೇನೆ.

ಬರುವ ಸೋಮವಾರ ಮಧ್ಯಾಹ್ನ ದಾಸೋಹದ ಪಡಸಾಲೆಯಲ್ಲಿ ಅರಿವೆ ಹರವುತ್ತೇವೆ. ಕಟ್ಟೆಯ ಮೇಲಲ್ಲ, ಒಳಗೆ. ಹೊಲಿಯುವವರೆಲ್ಲ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತೇವೆ. ಪ್ರತಿ ಮನೆಯಿಂದ ಒಂದು ತುಂಡು ಸಾಕು, ಅಂಗೈ ಅಗಲದ್ದಾದರೂ ನಡೆಯುತ್ತದೆ. ಯಾರ ಸೀರೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಒಗೆದು ಒಣಗಿಸಿ ತನ್ನಿ. ಸೂಜಿ ದಾರ ನನ್ನ ಹತ್ತಿರ ಇದೆ. ನಲವತ್ತು ದಾಟಿದವರು ಕನ್ನಡಕ ಮರೆಯಬೇಡಿ.