ಕಣ್ಣಿಗೆ ಬೀಳದಿರುವ ಗಣಿತ



ವಿಡಿಯೋ ಆಟವೆಂದರೆ ಬರೀ ಓಟ, ಹೊಡೆದಾಟ ಎಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಯಾರ ಕಣ್ಣಿಗೂ ಬೀಳದೆ ಹೋಗಿ ಬರುವುದೇ ಗೆಲುವಾಗಿರುವ ಆಟಗಳೂ ಇವೆ. ಇವುಗಳಿಗೆ ಸ್ಟೆಲ್ತ್ ಆಟಗಳೆಂದು ಹೆಸರು. ನಮ್ಮ ಕಣ್ಣಾಮುಚ್ಚಾಲೆಗೆ ಇವು ದೂರದ ನೆಂಟರು.

ಒಂದು ಉದಾಹರಣೆ ನೋಡೋಣ. 2006ರಲ್ಲಿ ಅಮೆರಿಕದ ಡ್ರೀಮ್‌ವರ್ಕ್ಸ್ ಅನಿಮೇಷನ್ ಸಂಸ್ಥೆಯ 'ಓವರ್ ದ ಹೆಜ್' ಚಿತ್ರ ತೆರೆಗೆ ಬಂತು. ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಕಾರ್ಟೂನ್ ಚಿತ್ರ. ಚಳಿಗಾಲವೆಲ್ಲ ಮಲಗಿದ್ದ ಆಮೆ, ಅಳಿಲು ಮೊದಲಾದ ಪ್ರಾಣಿಗಳು ವಸಂತದಲ್ಲಿ ಎದ್ದು ನೋಡಿದರೆ ಕಾಡಿನ ಬಹುಭಾಗವೇ ಇಲ್ಲ! ಆ ಜಾಗದಲ್ಲಿ ಹೊಸ ಬಡಾವಣೆ. ನಡುವೆ ಎತ್ತರದ ಹಸಿರು ಬೇಲಿ. ಆರ್‌ಜೆ ಎಂಬ ಚಾಲಾಕಿ ರಕೂನ್ ಬೇಲಿಯಾಚೆಯ ತಿನಿಸು ಕದಿಯುವುದನ್ನು ಅವುಗಳಿಗೆ ಕಲಿಸುತ್ತದೆ. ಅದೇ ವರ್ಷ ಈ ಕಥೆಯನ್ನಾಧರಿಸಿದ ಆಟವೊಂದು ನಿಂಟೆಂಡೊ ಡಿ.ಎಸ್. ಎಂಬ ಅಂಗೈ ಯಂತ್ರಕ್ಕೂ ಬಂತು. ಮನೆಯೊಳಗೆ ನುಸುಳಬೇಕು, ಇದ್ದವರ ಕಣ್ಣು ತಪ್ಪಿಸಬೇಕು, ಬೇಕಾದ ವಸ್ತುವಿನೊಡನೆ ಹೊರಬರಬೇಕು.

ಆ ಯಂತ್ರಕ್ಕಿದ್ದ ಮುಖ್ಯ ಸ್ಮೃತಿ ಕೇವಲ 4 ಮೆಗಾಬೈಟ್. ಅದರ ಎರಡು ಪರದೆಗಳಲ್ಲಿ ಒಂದೊಂದಕ್ಕೂ 256 x 192 ಚುಕ್ಕಿಗಳು ಮಾತ್ರ. ಇಷ್ಟು ಪುಟ್ಟ ಯಂತ್ರದೊಳಗಿನ ಕಾವಲುಗಾರ ನಿಮ್ಮನ್ನು 'ನೋಡುವುದು' ಹೇಗೆ? ನಿಜವಾಗಿ ಅವನು ನೋಡುವುದೇ ಇಲ್ಲ. ಯಂತ್ರ ಲೆಕ್ಕ ಮಾಡುತ್ತದೆ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳಿರುತ್ತವೆ. ನೀವಿರುವ ದೂರ ಅವನ ನೋಟದ ಮಿತಿಯೊಳಗಿದೆಯೇ? ಅವನ ನೋಟದ ಕೋನದೊಳಗೆ ನೀವಿದ್ದೀರಾ? ನಡುವೆ ಗೋಡೆಯೋ ಕುರ್ಚಿಯೋ ಅಡ್ಡವಿದೆಯೇ?

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಾವಲುಗಾರ ಮೂಲಬಿಂದುವಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾನೆ. ಅವನ ನೋಟ 5 ಹೆಜ್ಜೆ ದೂರ. ಕೋನ ಎಡಕ್ಕೆ 30, ಬಲಕ್ಕೆ 30 ಡಿಗ್ರಿ. ನೀವು ಪೂರ್ವಕ್ಕೆ 3, ಉತ್ತರಕ್ಕೆ 2 ಹೆಜ್ಜೆಯಲ್ಲಿದ್ದರೆ ದೂರ ಸುಮಾರು 3.6. ಆದರೆ ಕೋನ ಸುಮಾರು 34 ಡಿಗ್ರಿ. ಬಚಾವಾದಿರಿ! ದಕ್ಷಿಣಕ್ಕೆ ಒಂದೇ ಹೆಜ್ಜೆ ಸರಿಯಿರಿ. ಕೋನ 18 ಡಿಗ್ರಿಗೆ ಇಳಿದು ಸಿಕ್ಕಿಬೀಳುತ್ತೀರಿ. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವವರಿಗೆ ಇದೊಂದು ಉತ್ತರ.

ದೂರದರ್ಶನದಲ್ಲಿ ದುಡಿಯುವ ನಮಗೆ ಇದು ಹೊಸತಲ್ಲ. ಕ್ಯಾಮೆರಾದ ಚೌಕಟ್ಟಿನಿಂದ ಒಂದು ಹೆಜ್ಜೆ ಆಚೆ ನಿಂತವನು ವೀಕ್ಷಕರ ಪಾಲಿಗೆ ಇಲ್ಲವೇ ಇಲ್ಲ.

ಈ ಬಗೆಯ ಆಟಗಳ ಬೆಳವಣಿಗೆಗೆ ಯಂತ್ರದ ಬಡತನವೂ ಕಾರಣ. 1987ರಲ್ಲಿ ಜಪಾನಿನ ಹಿಡಿಯೊ ಕೊಜಿಮಾ 'ಮೆಟಲ್ ಗೇರ್' ರೂಪಿಸಿದಾಗ, ಎಂ.ಎಸ್.ಎಕ್ಸ್.-2 ಗಣಕಕ್ಕೆ ಹೆಚ್ಚು ಶತ್ರುಗಳನ್ನೂ ಗುಂಡುಗಳನ್ನೂ ಒಟ್ಟಿಗೆ ತೋರಿಸುವ ಶಕ್ತಿಯಿರಲಿಲ್ಲ. ಹೋರಾಟದ ಬದಲು ಅಡಗುವುದನ್ನೇ ಅವರು ಆಟವಾಗಿಸಿದರು.

ಇಲ್ಲಿ ಗೆಲ್ಲಬೇಕಾದರೆ 'ನಾನಿರುವ ಜಾಗ ಅವನಿಗೆ ಹೇಗೆ ಕಾಣುತ್ತದೆ?' ಎಂದು ಯೋಚಿಸಲೇಬೇಕು. ಆ ಯೋಚನೆಯನ್ನು ಇನ್ನೊಂದಿಷ್ಟು ಮುಂದುವರಿಸಿ. ಮನೆಯವರ ಕಣ್ಣಿಗೆ ರಕೂನ್ ಕಳ್ಳ. ರಕೂನಿನ ಕಡೆಯಿಂದ ನೋಡಿದರೆ, ಆ ಮನೆ ನಿಂತಿರುವುದೇ ಕಾಡಿನ ಜಾಗದಲ್ಲಿ. ದೂರ, ಕೋನ, ಅಡ್ಡಗೋಡೆ ಇವನ್ನು ಯಂತ್ರ ಕ್ಷಣಾರ್ಧದಲ್ಲಿ ಅಳೆಯುತ್ತದೆ. ಬೇಲಿಯ ಯಾವ ಬದಿ ಯಾರದೆಂಬ ಲೆಕ್ಕ ಮಾತ್ರ ಅದರೊಳಗಿಲ್ಲ. ಆ ಲೆಕ್ಕ ನಿಮ್ಮದು.