ಮನೋರೋಗದ ಕಳಂಕ: ಕಾನೂನಿನ ಹೊಣೆ ಮತ್ತು ಮನೆಯ ಹೊಣೆ



ಮಧುಮೇಹವಿದೆಯೆಂದು ಹೇಳಿಕೊಳ್ಳಲು ನಮ್ಮಲ್ಲಿ ಯಾರೂ ನಾಚುವುದಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ಹತ್ತು ಜನರ ಎದುರಿನಲ್ಲೇ ನುಂಗುತ್ತೇವೆ. ಆದರೆ ಮನೋವೈದ್ಯರು ಬರೆದುಕೊಟ್ಟ ಚೀಟಿಯನ್ನು ಬೀರುವಿನ ಒಳಖಾನೆಯಲ್ಲಿ ಬಚ್ಚಿಡುತ್ತೇವೆ. ಬೀದಿಯ ತುದಿಯಲ್ಲೇ ಔಷಧಿ ಅಂಗಡಿಯಿದ್ದರೂ ಗುರುತಿನವರಿಲ್ಲದ ದೂರದ ಅಂಗಡಿಗೆ ಹೋಗುತ್ತೇವೆ. ರೋಗದ ನೋವಿನ ಮೇಲೆ ಮರೆಮಾಚುವ ನೋವನ್ನೂ ಹೇರಿಕೊಳ್ಳುವ ಈ ಸ್ಥಿತಿಗೇ ಕಳಂಕವೆಂದು ಹೆಸರು.

ಇದನ್ನು ಜನರ ಅಜ್ಞಾನವೆಂದು ಕರೆದು ಮುಗಿಸುವುದು ಸುಲಭ. ಆದರೆ ಕಳಂಕವನ್ನು ಬೆಳೆಸಿದವರಲ್ಲಿ ಆಡಳಿತವೂ ಒಂದೆಂಬುದನ್ನು ಇತಿಹಾಸ ಹೇಳುತ್ತದೆ. ಬ್ರಿಟಿಷ್ ಸರ್ಕಾರ 1912ರಲ್ಲಿ ಜಾರಿಗೆ ತಂದ ಭಾರತೀಯ ಉನ್ಮಾದ ಕಾಯಿದೆಯ ಪ್ರಕಾರ ಆಸ್ಪತ್ರೆಯ ಪ್ರವೇಶ ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆದೇಶದ ಮೂಲಕ ನಡೆಯುತ್ತಿತ್ತು. ಅಲೆದಾಡುವ ರೋಗಿಯನ್ನು ಹಿಡಿದು ತರುವವರು ಪೊಲೀಸರು. ಊರ ಹೊರಗಿನ ಎತ್ತರದ ಗೋಡೆ, ಕಬ್ಬಿಣದ ಬಾಗಿಲು, ಕಾವಲುಗಾರ. ಇಂತಹ ಏರ್ಪಾಡನ್ನು ಕಣ್ಣಾರೆ ಕಂಡ ಸಾಮಾನ್ಯನು ಒಳಗಿರುವವನನ್ನು ಅಪರಾಧಿಯೆಂದೇ ಬಗೆದರೆ ಆಶ್ಚರ್ಯವೇನು? ಸ್ವಾತಂತ್ರ್ಯದ ನಂತರವೂ ಆ ಕಾಯಿದೆ ದಶಕಗಟ್ಟಲೆ ಉಳಿಯಿತು. 1987ರ ಮಾನಸಿಕ ಆರೋಗ್ಯ ಕಾಯಿದೆ ಅದರ ಸ್ಥಾನಕ್ಕೆ ಬಂದು, 1993ರಲ್ಲಿ ಜಾರಿಯಾಯಿತು. ಅದೇ 1993ರಲ್ಲಿ, ಅಪರಾಧವೆಸಗದ ಮನೋರೋಗಿಗಳನ್ನು ಸೆರೆಮನೆಯಲ್ಲಿಡುವುದು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ಶೀಲಾ ಬಾರ್ಸೆ ಪ್ರಕರಣದಲ್ಲಿ ಹೇಳಬೇಕಾಯಿತು. ಹಲವು ಮಾನಸಿಕ ಆಸ್ಪತ್ರೆಗಳು ಇನ್ನೂ ಸೆರೆಮನೆಯಂತಹ ಕಟ್ಟಡಗಳನ್ನೇ ಉಳಿಸಿಕೊಂಡಿವೆಯೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 1999ರ ವರದಿ ತಿಳಿಸಿತು.

ಏರ್ಪಾಡು ಬದಲಾದರೆ ದೃಷ್ಟಿಯೂ ಬದಲಾಗುತ್ತದೆಯೇ? ಬದಲಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನಗಳಿವೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಮನೆಯವರೂ ಉಳಿಯುವಂತೆ ಮಾಡಿದರು. ರೋಗ ಇಳಿಮುಖವಾಗುವುದನ್ನು ಪಕ್ಕದಲ್ಲಿದ್ದು ಕಂಡ ಕುಟುಂಬಕ್ಕೆ ರೋಗಿಯನ್ನು ಮನೆಗೆ ಕರೆದೊಯ್ಯಲು ಅಂಜಿಕೆ ಉಳಿಯಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಅವರು ಮದರಾಸಿನ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ದೀರ್ಘಕಾಲ ಮುನ್ನಡೆಸಿ, ನಿವೃತ್ತಿಯ ನಂತರ 1984ರಲ್ಲಿ ಸ್ಕಿಜೋಫ್ರೇನಿಯ ರೋಗಿಗಳ ಪುನರ್ವಸತಿಗಾಗಿ ‘ಸ್ಕಾರ್ಫ್’ ಸಂಸ್ಥೆಯನ್ನು ಸ್ಥಾಪಿಸಿದರು. ಚೆನ್ನೈ ಕನ್ನಡಿಗರು ಇದನ್ನು ಹೆಮ್ಮೆಯಿಂದ ನೆನೆಯಬಹುದು.

ಇನ್ನೊಂದು ನಿದರ್ಶನ ಕರ್ನಾಟಕದ್ದೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1970ರ ದಶಕದಲ್ಲಿ ಸಕಲವಾರ ಗ್ರಾಮದಲ್ಲಿಯೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಒಂದು ಪ್ರಯೋಗ ಕೈಗೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಕೆಲವೇ ಬಗೆಯ ಅಗತ್ಯ ಔಷಧಿಗಳನ್ನು ಅಲ್ಲಿಯೇ ಒದಗಿಸಲಾಯಿತು. ಜ್ವರ, ಕೆಮ್ಮಿಗೆ ಬರುವವರ ಸಾಲಿನಲ್ಲೇ ಮನೋರೋಗಿಯೂ ನಿಂತು ಔಷಧಿ ಪಡೆದನು. ಪ್ರತ್ಯೇಕ ಬಾಗಿಲಿಲ್ಲದ ಕಡೆ ಪ್ರತ್ಯೇಕ ಹೆಸರೂ ಅಂಟುವುದಿಲ್ಲ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಅನುಭವವೇ ಮಾದರಿಯಾಯಿತು.

ಚಿಕಿತ್ಸೆ ಮನೆಯ ಬಳಿಗೆ ಬಾರದಿದ್ದರೆ ಏನಾಗುತ್ತದೆಂಬುದನ್ನೂ ಮರೆಯಲಾಗದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಖಾಸಗಿ ಆಶ್ರಯಧಾಮವೊಂದರಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಓಡಲಾರದೆ ಹೋದರು. 28 ಜೀವಗಳು ನಷ್ಟವಾದವು. ಅಂತಹ ಧಾಮಗಳಿಗೆ ರೋಗಿಗಳನ್ನು ತಂದು ಬಿಟ್ಟವರೆಲ್ಲ ನಿರ್ದಯರೆಂದು ಹೇಳಲಾಗದು. ಊರಿನಲ್ಲಿ ವೈದ್ಯರಿಲ್ಲದೆ, ಮನೆಯಲ್ಲಿ ಇಟ್ಟುಕೊಂಡರೆ ಮಗಳ ಮದುವೆ ನಿಂತೀತೆಂಬ ಭಯದಿಂದ ತಂದವರೂ ಅಂತಹ ಕಡೆ ಇರುತ್ತಾರೆ. ಸರಪಳಿಗೆ ಕಬ್ಬಿಣ ಒದಗಿಸಿದ್ದು ಯಾರೇ ಆಗಿರಲಿ, ಅದನ್ನು ಬಿಗಿದದ್ದು ಈ ಭಯವೇ.

ಈ ಹಿನ್ನೆಲೆಯಲ್ಲಿ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯನ್ನು ಅರ್ಥ ಮಾಡಿಕೊಳ್ಳಬೇಕು. 2018ರಲ್ಲಿ ಜಾರಿಗೆ ಬಂದ ಈ ಕಾಯಿದೆ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರುತ್ತದೆ. ಬಡತನ ರೇಖೆಯ ಕೆಳಗಿನವರಿಗೂ ಮನೆಯಿಲ್ಲದವರಿಗೂ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವ್ಯಕ್ತಿಯು ಮುಂಚಿತವಾಗಿಯೇ ಬರೆದಿಡಬಹುದು. ದೇಹದ ರೋಗಗಳಂತೆಯೇ ಮನಸ್ಸಿನ ರೋಗಗಳಿಗೂ ವೈದ್ಯಕೀಯ ವಿಮೆ ದೊರೆಯಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕೇ ಹೊರತು ಶಿಕ್ಷಿಸಬಾರದೆಂಬ ತತ್ವವನ್ನೂ ಅದು ಮುಂದಿಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂದಿನ ದಂಡ ಸಂಹಿತೆಯ 309ನೆಯ ಕಲಮು ಉಳಿದಿಲ್ಲ.

ಕಾನೂನು ಬಂದಿದೆ, ನಿಜ. ಆದರೆ ದಾರಿ ಇನ್ನೂ ಬಹಳವಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಹತ್ತರಲ್ಲೊಬ್ಬರು ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ರೋಗದ ಬಗೆಯನ್ನು ಅನುಸರಿಸಿ, ಚಿಕಿತ್ಸೆಯಿಂದ ದೂರ ಉಳಿದವರ ಪ್ರಮಾಣ ಶೇಕಡ 70ರಿಂದ 92ರಷ್ಟಿತ್ತು. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣ. ವೈದ್ಯರಿದ್ದೂ ಮೆಟ್ಟಿಲು ಹತ್ತಲು ಹಿಂಜರಿಯುವುದು ಇನ್ನೊಂದು. ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠರೋಗವು 2019ರಲ್ಲಿ ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಹೊರಬಿದ್ದರೂ ಗಂಭೀರ ಮನೋವಿಕಾರವು ಅದರಲ್ಲಿ ಇಂದಿಗೂ ಉಳಿದಿದೆ. ಒಂದು ಕಾಯಿದೆ ಸಮಾನತೆಯನ್ನು ಸಾರುತ್ತಿರುವಾಗ ಇನ್ನೊಂದು ಕಾಯಿದೆಯ ಅಂಜಿಕೆಯಿಂದ ಕುಟುಂಬಗಳು ರೋಗವನ್ನು ಮುಚ್ಚಿಡುತ್ತವೆ. ಮುಚ್ಚಿಟ್ಟಷ್ಟು ಕಾಲ ಚಿಕಿತ್ಸೆ ತಡವಾಗುತ್ತದೆ. ತಡವಾದಷ್ಟೂ ಗುಣವಾಗುವುದು ಕಷ್ಟವಾಗುತ್ತದೆ. ನೀತಿ ನಿರೂಪಕರು ಈ ತೊಡಕನ್ನು ಗಮನಿಸಬೇಕು.

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ಕಷ್ಟವಿದೆ. ಮನಸ್ಸಿನ ನೋವನ್ನು ಅಳೆಯಲು ಉಷ್ಣಮಾಪಕವಿಲ್ಲ. ರೋಗಿಯ ಮಾತೇ ವೈದ್ಯನಿಗೆ ದೊರೆಯುವ ಮುಖ್ಯ ಸಾಕ್ಷ್ಯ. ರಾಯಚೂರಿನಿಂದ ಹೈದರಾಬಾದಿಗೋ ವಿಜಯಪುರದಿಂದ ಪುಣೆಗೋ ಕಟ್ಟಡದ ಕೆಲಸಕ್ಕೆ ಬಂದವನು, ಉಡುಪಿಯಿಂದ ಮುಂಬಯಿಯ ಹೋಟೆಲಿಗೆ ಬಂದವನು, ‘ಜೀವ ಬೇಸರವಾಗಿದೆ’ ಎಂಬ ಮಾತನ್ನು ಹರಕು ಹಿಂದಿಯಲ್ಲಿ ಹೇಗೆ ಹೇಳಿಯಾನು? ಹೇಳಲಾರದೆ ‘ತಲೆನೋವು’ ಎಂದು ಹೇಳಿ, ತಲೆನೋವಿನ ಗುಳಿಗೆಯೊಂದಿಗೆ ಹಿಂದಿರುಗುತ್ತಾನೆ. ರೋಗ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ತಿಳಿಸಬೇಕೆಂದು 2017ರ ಕಾಯಿದೆ ವಿಧಿಸಿದೆ. ಈ ಹಕ್ಕು ಕಾಗದದಿಂದ ಇಳಿದು ಬರಬೇಕಾದರೆ ನಮ್ಮ ಸಂಘಸಂಸ್ಥೆಗಳು ಮುಂದಾಗಬೇಕು. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವ ಸಂಘವು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಎರಡು ಭಾಷೆಗಳ ನಡುವೆ ನಿಲ್ಲಬಲ್ಲ, ಕೇಳಿದ್ದನ್ನು ಹೊರಗೆ ಆಡದ ನಾಲ್ವರು ಸ್ವಯಂಸೇವಕರನ್ನು ಸಿದ್ಧಪಡಿಸಲಾರದೇ?

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸೇವೆಯನ್ನು ಆರಂಭಿಸಿದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಹಲವು ದಿನಗಳಿಂದ ನಿದ್ರೆ ಬಾರದಿರುವುದು, ಊಟ ರುಚಿಸದಿರುವುದು, ಯಾರೊಡನೆಯೂ ಬೆರೆಯದಿರುವುದು, ಇಲ್ಲದ ದನಿ ಕೇಳಿಸುವುದು, ಬದುಕು ಸಾಕೆಂಬ ಮಾತು ಬಾಯಿಗೆ ಬರುವುದು ಇವನ್ನು ಕಂಡರೆ ‘ತಾನಾಗಿಯೇ ಸರಿಹೋದೀತು’ ಎಂದು ಕಾಯಬೇಡಿ.

ಸರ್ಕಾರವು ಕಾನೂನು ಮಾಡಬಲ್ಲದು, ಆಸ್ಪತ್ರೆ ತೆರೆಯಬಲ್ಲದು, ಔಷಧಿ ಒದಗಿಸಬಲ್ಲದು. ಗುಣಮುಖನಾಗಿ ಬಂದವನಿಗೆ ಬಾಡಿಗೆಗೆ ಕೋಣೆ ಕೊಡುವುದು, ಹಿಂದಿನ ಕೆಲಸ ಉಳಿಸಿಡುವುದು, ಮದುವೆಯ ಮನೆಗೆ ಕರೆಯುವುದು ನಮ್ಮ ಕೈಯಲ್ಲಿರುವ ಕೆಲಸಗಳು. ಆಸ್ಪತ್ರೆಯ ಗೋಡೆಯನ್ನು ಕಾನೂನು ತಗ್ಗಿಸಿದೆ. ಮನೆಯ ಹೊಸಿಲನ್ನು ನಾವೇ ತಗ್ಗಿಸಬೇಕು.