ಅಪ್ಪನ ಕಸುಬು ಕೇಳುವ ಸಹಾಯ

(ರಾಮನಗರದಲ್ಲಿ ಯುವಜನರ ಮುಂದೆ ಆಡಿದ ಮಾತುಗಳು)



2020ರ ಮಾರ್ಚಿ ಕೊನೆಯ ವಾರ ಕೋವಿಡ್ ಜಾಡ್ಯದ ದೆಸೆಯಿಂದ ಬೆಂಗಳೂರು–ಮೈಸೂರು ರೈಲು ನಿಂತಿತು. ಮಾಗಡಿ, ಕನಕಪುರಗಳಿಗೆ ರೈಲೇ ಇಲ್ಲ. ಅಲ್ಲಿನ ಬಸ್ಸೂ ನಿಂತಿತು. ಬೆಳಿಗ್ಗೆ ಕಾಲೇಜಿಗೆ ಹೋಗಿ ಸಂಜೆ ರಾಮನಗರದ ನೂಲು ಬಿಚ್ಚಾಣಿಕೆಯ ಮನೆಯಲ್ಲಿ ಕುದಿನೀರಿಗೆ ಕೈಯೊಡ್ಡುವ ಹುಡುಗ, ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸಿ ಶುಲ್ಕ ಕಟ್ಟುವ ಹುಡುಗಿ, ಬಿಡದಿಯ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ತರುಣ, ಇವರೆಲ್ಲರ ಕೂಲಿ ಒಂದೇ ದಿನ ನಿಂತುಹೋಯಿತು. ಪಾಠವೇನೋ ಫೋನಿಗೆ ಬಂದಿತು. ಮನೆಗೊಂದೇ ಫೋನು, ಅದಕ್ಕೂ ದುಡ್ಡು ತುಂಬಬೇಕು!

ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ನೆರವು ಸಾರಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೈಮಗ್ಗದ ನೇಕಾರರಿಗೆ 2,000. ಕಟ್ಟಡ ಕಾರ್ಮಿಕರಿಗೆ ಮೊದಲಿನ 2,000ದ ಮೇಲೆ ಇನ್ನೂ 3,000. ಅವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ, ಅದೂ ಸಾಲದಾಗಿತ್ತು. ಆದರೆ ಪಟ್ಟಿ ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಕಸುಬೇನು, ಚೀಟಿ ಎಲ್ಲಿ? ಅರ್ಧ ದಿನ ಓದಿ ಅರ್ಧ ದಿನ ದುಡಿಯುವವನಿಗೆ ಯಾರು ಚೀಟಿ ಕೊಟ್ಟಿದ್ದರು? ಕಾಲೇಜಿನ ಲೆಕ್ಕದಲ್ಲಿ ಅವನು ವಿದ್ಯಾರ್ಥಿ, ಯಜಮಾನನ ಲೆಕ್ಕದಲ್ಲಿ ಅವನು ಇಲ್ಲವೇ ಇಲ್ಲ.

ಉದ್ಯೋಗ ಖಾತರಿ ಹಲವರ ಕೈ ಹಿಡಿಯಿತು, ಹೇಳದಿದ್ದರೆ ಅನ್ಯಾಯವಾದೀತು. ಆ ವರ್ಷ ದಿನಗೂಲಿ 275 ರೂಪಾಯಿ. ಪದವಿ ಓದುವವರೂ ಹಾರೆ ಹಿಡಿದು ಕೆರೆಯಂಗಳಕ್ಕಿಳಿದರು. ಆದರೆ 100 ದಿನ ಎಂದರೆ ಇಡೀ ಮನೆಗೆ. ಮಗ ದುಡಿದಷ್ಟೂ ತಾಯಿಯ ಪಾಲಿನಿಂದ ಕಳೆಯುತ್ತಿತ್ತು. ಹದಿನೇಳರ ಪಿ.ಯು.ಸಿ. ಹುಡುಗನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇರಕೂಡದು ಸಹ. ಹಾಗಾದರೆ ಅವನ ಶುಲ್ಕ ಯಾರು ಕಟ್ಟಬೇಕಿತ್ತು?

2021ರಲ್ಲಿ ರೈತ ವಿದ್ಯಾನಿಧಿ ಬಂತು. ಪಿ.ಯು.ಸಿ. ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಒಳ್ಳೆಯದೇ. ಮೊದಲು ರೈತರ ಮಕ್ಕಳಿಗೆ, ಆಮೇಲೆ ಕೃಷಿಕಾರ್ಮಿಕರ, ನೇಕಾರರ, ಚಾಲಕರ ಮಕ್ಕಳಿಗೆ. ಮತ್ತೆ ಅಪ್ಪನ ಕಸುಬಿನದೇ ವಿಚಾರಣೆ! 2024ರ ಜನವರಿಯಲ್ಲಿ ಯುವನಿಧಿಯ ಹಣ ಬರತೊಡಗಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಓದು ಮುಂದುವರಿಸಿದವರಿಗೆ ಅದಿಲ್ಲ. ರೋಗದ ವರ್ಷ ಓದು ಬಿಟ್ಟು ಪದವಿಯನ್ನೇ ಕಾಣದವರಿಗೂ ಇಲ್ಲ.

ಜಿಲ್ಲೆಯಾದದ್ದು 2007ರಲ್ಲಿ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರನ್ನೂ ಇಟ್ಟರು. ಹೆಸರಿಗೆ ತೋರಿದ ಆತುರವನ್ನು ಇದಕ್ಕೂ ತೋರಲಿ. ನಾವು ಕೇಳುವುದಿಷ್ಟು: ಇನ್ನೊಂದು ಜಾಡ್ಯ ಬರುವ ಮೊದಲೇ ಕಾಯಿದೆಯಾಗಬೇಕು. ಬೀಗ ಬಿದ್ದ ತಿಂಗಳಲ್ಲೇ, ಹದಿನಾರರಿಂದ ಇಪ್ಪತ್ತೈದರ ಒಳಗಿನ ಬಡವರ ಮಕ್ಕಳಿಗೆ, ಕಾಲೇಜಿನ ಹಾಜರಿ ಪುಸ್ತಕವನ್ನೋ ಪಂಚಾಯಿತಿಯ ಮನೆಪಟ್ಟಿಯನ್ನೋ ನೋಡಿ ಹಣ ಸಲ್ಲಬೇಕು. ಕಸುಬಿನ ಚೀಟಿ ಕೇಳಕೂಡದು. ಆ ವರ್ಷದ ಶುಲ್ಕವನ್ನು ಸರ್ಕಾರವೇ ಹೊರಬೇಕು.

ಅರ್ಜಿ ಸಿದ್ಧವಾಗಿದೆ. ಚನ್ನಪಟ್ಟಣದವರು ಬೊಂಬೆ ಕೆಲಸದ ಮನೆಗಳಿಂದ ಸಹಿ ಆರಂಭಿಸಲಿ. ಕನಕಪುರದವರು, ಮಾಗಡಿಯವರು ಪ್ರತಿಗಳನ್ನು ಈಗಲೇ ತೆಗೆದುಕೊಳ್ಳಿ, ಕೊನೆಯ ಬಸ್ಸಿಗೆ ಹೊತ್ತಾಗುತ್ತದೆ.